ಟಪಾಲು ವಿಂಗಡಣೆಗೆ ಎಐ: ಟೆಂಡರ್‌ಗೆ ಮುಂಚೆ ಏನು ಸಿದ್ಧ ಮಾಡಿಕೊಳ್ಳಬೇಕು?

ಪ್ರಶ್ನೆ: ಟಪಾಲು ಶಾಖೆ, ಬೆಂಗಳೂರು
ಕೇಂದ್ರ ಕಚೇರಿಗೆ ಬರುವ ಸಾರ್ವಜನಿಕರ ಮನವಿಗಳನ್ನು ಎಐ ಓದಿ ಆಯಾ ಶಾಖೆಗೆ ಕಳಿಸಬೇಕು ಎಂಬ ಪ್ರಸ್ತಾವ ಇದೆ. ಬಹುಪಾಲು ಕನ್ನಡ, ಕೈಬರಹವೂ ಇದೆ. ಹಳೆಯ ಕಡತಗಳೆಲ್ಲ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿವೆ. ಹಿಂಬರಹವನ್ನೂ (ಅರ್ಜಿದಾರರಿಗೆ ಕಚೇರಿ ಕೊಡುವ ಲಿಖಿತ ಉತ್ತರ) ಅದೇ ಕೊಡಲಿ ಅನ್ನುತ್ತಿದ್ದಾರೆ. ಎಲ್ಲಿಂದ ಶುರು ಮಾಡುವುದು?

ಉತ್ತರ: 'ಅರ್ಕಾವತ್ತು' ಎಂಬ ಹೆಸರಿನವರು
ಮೊದಲು ಅಕ್ಷರ ನೋಡಿ ಸರ್, ಎಐ ಮಾಡೆಲ್ ಆಮೇಲೆ. ಹಳೆಯ ಆಸ್ಕಿ ಫಾಂಟಿನ ಕಡತ ಯಂತ್ರಕ್ಕೆ ಕನ್ನಡವೇ ಅಲ್ಲ, ರೋಮನ್ ಅಕ್ಷರ, ಚಿಹ್ನೆಗಳ ಗೋಜಲು. ಯಂತ್ರ ಕನ್ನಡವೆಂದೇ ಗುರುತಿಸುವ ಯೂನಿಕೋಡ್‌ಗೆ ಬದಲಿಸಿ, ನೂರಕ್ಕೆ ಐದನ್ನಾದರೂ ಕೂತು ಓದಿಸಿ. ಹೆಚ್ಚು ಕೆಡುವುದು ಅರ್ಕಾವತ್ತು. ಆಸ್ಕಿಯಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ 'ರ್' ಮೊದಲು. ಸಾಲದ್ದಕ್ಕೆ ಎಷ್ಟೋ ಜನ ಅರ್ಕಾವತ್ತಿನ ಜಾಗಕ್ಕೆ ಕನ್ನಡದ ಒಂಬತ್ತನ್ನೇ ಒತ್ತಿರುತ್ತಾರೆ: 'ಅರ್ಜಿ' ಬದಲು 'ಅಜಿ೯'. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಪದ. ಹಾಗಂತ ೯ನ್ನೆಲ್ಲ ಒಂದೇ ಏಟಿಗೆ ಬದಲಿಸಿದರೆ 'ಸವೆ೯ ನಂ. ೯' ಇದ್ದಲ್ಲಿ ಸರ್ವೆ ನಂಬರೇ ಹೋಯಿತು. ಅಕ್ಷರದ ಬೆನ್ನಿಗೇ ಅಂಟಿದ ೯ ಮಾತ್ರ ತಿದ್ದಿ.

ಸ್ಕ್ಯಾನ್ 300 ಡಿಪಿಐಗಿಂತ ಕಡಿಮೆ ಬೇಡ, ಒತ್ತಕ್ಷರ ಅಳಿಸಿಹೋಗುತ್ತದೆ. ಕೈಬರಹ ಸದ್ಯಕ್ಕೆ ಬಿಡಿ. ಟಪಾಲಿನವರು ವಿಷಯದ ಸಾಲೊಂದನ್ನು ಟೈಪ್ ಮಾಡಿದರೆ ವಿಂಗಡಣೆಗೆ ಬಹುತೇಕ ಸಾಕು.

ಉತ್ತರ: 'ಕೇಸ್ ವರ್ಕರ್' ಎಂಬ ಹೆಸರಿನವರು
ಮಾಡೆಲ್‌ಗೆ ಕಲಿಸಲು, ಪರೀಕ್ಷಿಸಲು ಹಿಂದಿನ ಮನವಿಗಳಲ್ಲಿ 2,000 ಆರಿಸಿ. ಮೊದಲು ಹೋದ ಶಾಖೆಯನ್ನಲ್ಲ, ಕೊನೆಗೆ ವಿಲೇವಾರಿ ಮಾಡಿದ ಶಾಖೆಯನ್ನು ಸರಿಯುತ್ತರ ಅಂತ ಹಿಡಿಯಿರಿ. ಇಲ್ಲದಿದ್ದರೆ ಹಳೆಯ ತಪ್ಪನ್ನೇ ಕಲಿತುಕೊಳ್ಳುತ್ತದೆ. 400 ಬದಿಗಿಡಿ, ವೆಂಡರ್ ಕಣ್ಣಿಗೆ ಬೀಳಬಾರದು. ಪರೀಕ್ಷೆ ಅದರ ಮೇಲೇ. ಒಟ್ಟು ಶೇಕಡಾವಾರು ಒಪ್ಪಬೇಡಿ, ಶಾಖೆವಾರು ಕೇಳಿ. ಕಣ್ಣುಮುಚ್ಚಿ ದೊಡ್ಡ ಶಾಖೆಗೇ ಕಳಿಸಿದರೂ ಅಂಕ ಚೆನ್ನಾಗಿಯೇ ಬರುತ್ತದೆ, ಪಿಂಚಣಿಯ ನಾಲ್ಕು ಅರ್ಜಿ ಮಾತ್ರ ಎಲ್ಲೋ ಕೊಳೆಯುತ್ತಿರುತ್ತವೆ. ಮೂರು ತಿಂಗಳು ಅದು ಬರೀ ಸೂಚಿಸಲಿ, ಕಳಿಸುವುದು ಮನುಷ್ಯರೇ.

ಉತ್ತರ: 'ಹಿಂಬರಹ' ಎಂಬ ಹೆಸರಿನವರು
ಹಿಂಬರಹದ ಕರಡನ್ನು ಯಂತ್ರ ಬರೆಯಲಿ, ತೀರ್ಮಾನ ಅಧಿಕಾರಿಯದೇ ಆಗಬೇಕು. ಮಾಹಿತಿ ಹಕ್ಕು ಕಾಯ್ದೆ 2005ರ ಕಲಂ 4(1)(ಡಿ) ಪ್ರಕಾರ ಆಡಳಿತಾತ್ಮಕ ತೀರ್ಮಾನಕ್ಕೆ ಕಾರಣವನ್ನು ಬಾಧಿತರಿಗೆ ತಿಳಿಸಬೇಕು. 'ಸಿಸ್ಟಮ್ ತಿರಸ್ಕರಿಸಿದೆ' ಎಂಬುದು ಕಾರಣವಲ್ಲ, ಬಡವರ ಅರ್ಜಿಗೆ ಆ ಉತ್ತರ ಹೋಗಲೇಬಾರದು. ಯಂತ್ರ ಸೂಚಿಸಿದ್ದು, ಅಧಿಕಾರಿ ತಿದ್ದಿದ್ದು, ಮಾಡೆಲ್ ಆವೃತ್ತಿ ಮೂರೂ ಕಡತದಲ್ಲಿ ಉಳಿಯಲಿ.

ಮನವಿಗಳನ್ನು ಉಚಿತ ಚಾಟ್‌ಬಾಟ್‌ಗೆ ಹಾಕಿ ನೋಡುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಕಚೇರಿ ಕಂಪ್ಯೂಟರ್‌ಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್ ಬೇಡವೆಂದು ಕೇಂದ್ರ ಹಣಕಾಸು ಸಚಿವಾಲಯ 2025ರ ಜನವರಿಯಲ್ಲೇ ತನ್ನವರಿಗೆ ಸೂಚಿಸಿದೆ.

ಮತ್ತೆ 'ಕೇಸ್ ವರ್ಕರ್'
ಒಂದು ಬಿಟ್ಟಿದ್ದೆ. ಶಾಖೆಗಳು ಒಂದಾದಾಗ, ವಿಷಯ ಹಂಚಿಕೆ ಬದಲಾದಾಗ ಮಾಡೆಲ್‌ಗೆ ಮತ್ತೆ ಕಲಿಸಬೇಕು. ಆ ಖರ್ಚು ಯಾರದು, ತಿದ್ದಿದ ದತ್ತಾಂಶ ಯಾರ ಸ್ವತ್ತು ಎಂಬುದು ಟೆಂಡರ್‌ನಲ್ಲೇ ಇರಲಿ.