ಮುಂಬೈ ಕನ್ನಡಿಗರ ನಡುವೆ ಎಲ್‌ಜಿಬಿಟಿ ಸಮೀಕ್ಷೆ: ‘ರೇಸ್’ ಇದ್ದಲ್ಲಿ ‘ಜಾತಿ’ ಹಾಕಿದರೆ ಸಾಕೇ?

ಪ್ರಶ್ನೆ (ದಾದರ್_ವಿದ್ಯಾರ್ಥಿ): ಮುಂಬೈ, ಡೊಂಬಿವಲಿ ಕಡೆಯ ಕನ್ನಡ ಮಾತಾಡುವ ಲೈಂಗಿಕ ಅಲ್ಪಸಂಖ್ಯಾತರ (ಎಲ್‌ಜಿಬಿಟಿ) ಮಾನಸಿಕ ಒತ್ತಡ ಎಂ.ಎ. ಪ್ರಬಂಧದ ವಿಷಯ. ಬಿಳಿಯರಲ್ಲದ ಎಲ್‌ಜಿಬಿಟಿ ಜನರಿಗಾಗಿ ಅಮೆರಿಕದಲ್ಲಿ ಬಾಲ್ಸಮ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ 18 ಪ್ರಶ್ನೆಗಳ ಮಾಪನವನ್ನು ಕನ್ನಡಕ್ಕೆ ತರಬೇಕು. 60 ಜನರನ್ನು ಕೇಳುವ ಯೋಜನೆ. ‘ರೇಸ್’ (ಬಿಳಿಯರು, ಕಪ್ಪು ಜನರು ಎಂಬಂಥ ವಿಂಗಡಣೆ) ಇದ್ದಲ್ಲೆಲ್ಲ ‘ಜಾತಿ’ ಹಾಕಬಹುದೇ?

ಮಾಟುಂಗಾ_ಓದುಗ: ಎಲ್ಲ ಕಡೆ ಒಂದೇ ಪದ ಬೇಡ. ಆ ಮಾಪನದಲ್ಲಿ ಮೂರು ಭಾಗ, ತಲಾ 6 ಪ್ರಶ್ನೆ: ಎಲ್‌ಜಿಬಿಟಿ ವಲಯದೊಳಗಿನ ವರ್ಣಭೇದ, ಎಲ್‌ಜಿಬಿಟಿ ಎಂಬ ಕಾರಣಕ್ಕೆ ತಮ್ಮ ಜನಾಂಗದವರಿಂದ ಬರುವ ತಾತ್ಸಾರ, ಪ್ರೇಮ-ಸಂಬಂಧಗಳಲ್ಲಿನ ವರ್ಣಭೇದ. ನಿಘಂಟು ನೋಡಿ ‘ಜನಾಂಗ’ ಅಂತ ಬರೆದರೆ ನಮ್ಮವರು ಅದನ್ನು ಜಾತಿ ಅಂತಲೇ ಓದುತ್ತಾರೆ. ‘ಸಮುದಾಯ’ ಇನ್ನೂ ಅಪಾಯ. “ಸಮುದಾಯದಲ್ಲಿ ನಿಮ್ಮನ್ನು ಹೊರಗಿಟ್ಟಿದ್ದಾರೆಯೇ?” ಎಂದರೆ ಒಬ್ಬರಿಗೆ ಊರಿನ ಜಾತಿ ಸಂಘ ನೆನಪಾಗುತ್ತದೆ, ಇನ್ನೊಬ್ಬರಿಗೆ ಕ್ವಿಯರ್ (ಎಲ್‌ಜಿಬಿಟಿ) ಗೆಳೆಯರ ಗುಂಪು. ಇಬ್ಬರೂ 5ಕ್ಕೆ 4 ಅಂತ ಗುರುತು ಹಾಕಿದರೂ ಹೇಳಿದ್ದು ಬೇರೆ ಬೇರೆ. ‘ನಮ್ಮ ಜಾತಿಯವರು’, ‘ಕ್ವಿಯರ್ ಗೆಳೆಯರು’ ಅಂತ ಬಿಡಿಸಿ ಬರೆಯಿರಿ. ಮುಂಬೈಯಲ್ಲಿ ಭಾಷೆಯ ಕಾರಣಕ್ಕೆ ಆಗುವ ಅವಮಾನವೂ ಉಂಟು, ಅದು ಜಾತಿಯ ಪ್ರಶ್ನೆಯೊಳಗೆ ಸೇರದು, ಬೇರೆ ಕೇಳಬೇಕು.

ಮೊದಲು 8-10 ಜನರೊಂದಿಗೆ ಕೂತು ಪ್ರತಿ ಪ್ರಶ್ನೆಯನ್ನೂ ಅವರ ಮಾತಲ್ಲೇ ತಿರುಗಿ ಹೇಳಿಸಿ. ಬ್ಯಾಕ್ ಟ್ರಾನ್ಸ್‌ಲೇಷನ್ (ಅನುವಾದವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ನೋಡುವುದು) ಒಂದನ್ನೇ ನಂಬಬೇಡಿ: ‘ಜನಾಂಗ’ ಇಂಗ್ಲಿಷಿಗೆ ಮರಳುವಾಗ ‘ರೇಸ್’ ಆಗಿಯೇ ಬರುತ್ತದೆ, ತಪ್ಪು ಕಾಣುವುದೇ ಇಲ್ಲ.

ಅಂಕಿಗಾರ_ಪುಣೆ: ಉತ್ತರದ ಅಂಕ 0ರಿಂದ 5. ‘ಆಗಿಲ್ಲ’ ಮತ್ತು ‘ನನಗೆ ಅನ್ವಯಿಸದು’ ಎರಡಕ್ಕೂ 0. ಆಗಿದ್ದರೆ ಎಷ್ಟು ನೋವಾಯಿತು ಎಂಬುದಕ್ಕೆ 1ರಿಂದ 5. ಹಾಗಾಗಿ ಯಾವ ಕ್ವಿಯರ್ ಕೂಟಕ್ಕೂ ಕಾಲಿಡದವರು, ಹೋಗಿ ಸುಖವಾಗಿ ಬಂದವರು, ಇಬ್ಬರೂ ಸೊನ್ನೆಯೇ. ಕಳೆದ 6 ತಿಂಗಳಲ್ಲಿ ಎಷ್ಟು ಸಲ ಹೋದಿರಿ ಅಂತ ಒಂದು ಪ್ರಶ್ನೆ ಸೇರಿಸಿ.

60 ಜನರಲ್ಲಿ ಫ್ಯಾಕ್ಟರ್ ಅನಾಲಿಸಿಸ್ (ಯಾವ ಪ್ರಶ್ನೆಗಳು ಒಂದೇ ಭಾಗಕ್ಕೆ ಸೇರುತ್ತವೆ ಎಂದು ನೋಡುವ ಲೆಕ್ಕ) ನಿಲ್ಲದು. ಪ್ರಶ್ನೆಗೆ 10 ಜನರ ರೂಢಿಯ ಲೆಕ್ಕದಲ್ಲೇ 180 ಬೇಕು. ಅಷ್ಟು ಸಿಗದಿದ್ದರೆ ಸಂದರ್ಶನ ಆಧಾರಿತ ಅಧ್ಯಯನ ಮಾಡಿ, ಅದೇನೂ ಕಡಿಮೆಯದಲ್ಲ. ಅಲ್ಲೂ “ಜಾತಿಯಿಂದ ಎಷ್ಟು, ಲೈಂಗಿಕತೆಯಿಂದ ಎಷ್ಟು?” ಅಂತ ಪಾಲು ಮಾಡಿಸಬೇಡಿ. ಕಪ್ಪು ಲೆಸ್ಬಿಯನ್ ಮಹಿಳೆಯರ ಕುರಿತ 2008ರ ಲೇಖನದಲ್ಲಿ ಅಮೆರಿಕದ ಸಂಶೋಧಕಿ ಲೀಸಾ ಬೋಲೆಗ್ ಎಚ್ಚರಿಸಿದ್ದು ಇದನ್ನೇ: ಗುರುತುಗಳನ್ನು ಬಿಡಿಬಿಡಿಯಾಗಿ ಕೂಡಿಸುವ ಪ್ರಶ್ನೆ ಕೇಳಿದರೆ ಕೂಡಿಸಿದ ಉತ್ತರವೇ ಬರುತ್ತದೆ. “ಆ ದಿನ ಏನಾಯಿತು?” ಅಂತ ಕೇಳಿ ಸುಮ್ಮನಿರಿ.

ಮಾಟುಂಗಾ_ಓದುಗ: ಗೋಪ್ಯತೆಯ ಮಾತು ಬಿಟ್ಟುಹೋಯಿತು, ಅದೇ ಮುಖ್ಯ. “ಕುಂದಾಪುರದ ಕಡೆ, 34 ವರ್ಷ, ಡೊಂಬಿವಲಿ, ಹೋಟೆಲ್ ಕ್ಯಾಷಿಯರ್” ಎಂದು ಬರೆದರೆ ಹೆಸರೇ ಬೇಡ, ಊರವರು ಯಾರೆಂದು ಹೇಳಿಬಿಡುತ್ತಾರೆ. ವಯಸ್ಸನ್ನು 10 ವರ್ಷದ ಗುಂಪಿನಲ್ಲಿ ಕೊಡಿ, ತಾಲೂಕು ಬಿಡಿ. ಸಹಿ ಮಾಡಿದ ಒಪ್ಪಿಗೆ ಪತ್ರವೇ ಗುಟ್ಟು ಬಯಲು ಮಾಡಬಹುದು. ಬಾಯಿಮಾತಿನ ಒಪ್ಪಿಗೆಗೆ ಎಥಿಕ್ಸ್ (ಸಂಶೋಧನಾ ನೀತಿ) ಸಮಿತಿಯ ಅನುಮತಿ ಕೇಳಿ. ಹೋಟೆಲ್ ಕೆಲಸದವರು ಹತ್ತು ಜನ ಒಂದೇ ಕೋಣೆಯಲ್ಲಿ ಮಲಗುವುದುಂಟು, ರಾತ್ರಿ ಫೋನಿನಲ್ಲಿ ಸಂದರ್ಶನ ಬೇಡವೇ ಬೇಡ. ಖಿನ್ನತೆ ಅಳೆಯುವ ಪ್ರಶ್ನಾವಳಿ ಪಿಎಚ್‌ಕ್ಯೂ-9 ಬಳಸುವುದಾದರೆ ಅದರ 9ನೇ ಪ್ರಶ್ನೆ ಸಾಯುವ ಯೋಚನೆಯದು. ಅದಕ್ಕೆ 1 ಬಂದರೂ ಅದೇ ದಿನ ಮಾತಾಡಲು ಕನ್ನಡ ಬಲ್ಲ ಆಪ್ತಸಮಾಲೋಚಕರೊಬ್ಬರನ್ನು ಮೊದಲ ಸಂದರ್ಶನಕ್ಕೂ ಮುಂಚೆ ಒಪ್ಪಿಸಿಟ್ಟುಕೊಳ್ಳಿ.