ಪ್ರಶ್ನೋತ್ತರ: ಫೈನಲ್ ಫ್ಯಾಂಟಸಿ ಯಾವ ಕನ್ಸೋಲ್‌ನಲ್ಲಿ ಎಷ್ಟು ಹೋಗುತ್ತೆ?

ಸುಮಂತ್: ಸರ್, ಫೈನಲ್ ಫ್ಯಾಂಟಸಿ ಗೇಮ್ ಸರಣಿಯ ಹದಿನೈದನೇದು ಮೊದಲ ದಿನವೇ 50 ಲಕ್ಷ ಪ್ರತಿ, ಹದಿನಾರನೇದು ಮೊದಲ ವಾರದಲ್ಲಿ 30 ಲಕ್ಷ. ಸರಣಿ ಬಿದ್ದುಹೋಯ್ತಾ?

ವಿಶ್ಲೇಷಕ: ಎರಡು ಅಂಕಿಯೂ ಅಂಗಡಿಗೆ ರವಾನಿಸಿದ ಡಿಸ್ಕ್ ಮತ್ತು ಡೌನ್‌ಲೋಡ್ ಸೇರಿದ ಲೆಕ್ಕ. ರವಾನೆಯಾದದ್ದೆಲ್ಲ ಗಿರಾಕಿ ಕೈ ಸೇರಿದೆ ಅಂತಲ್ಲ. ಹದಿನೈದು 2016ರಲ್ಲಿ ಸೋನಿಯ ಪಿಎಸ್4 (ಪ್ಲೇಸ್ಟೇಷನ್ 4), ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಒನ್ ಎರಡಕ್ಕೂ ಒಟ್ಟಿಗೆ ಬಂತು. ಪಿಎಸ್4 ಒಂದೇ ಆಗ ಸುಮಾರು 5 ಕೋಟಿ ಮಾರಾಟವಾಗಿತ್ತು. ಹದಿನಾರು 2023ರಲ್ಲಿ ಪಿಎಸ್5ಗೆ ಮಾತ್ರ, ಅದು ಆಗ 4 ಕೋಟಿ ಆಸುಪಾಸು. ಭಾಗಿಸಿದರೆ ನೂರು ಪಿಎಸ್5ಗೆ ಏಳೂವರೆ ಪ್ರತಿ. ಹದಿನೈದಕ್ಕೆ ಇದೇ ಲೆಕ್ಕ ಹಾಕೋಕಾಗಲ್ಲ, ಮೈಕ್ರೋಸಾಫ್ಟ್ 2015ರಲ್ಲೇ ಎಕ್ಸ್‌ಬಾಕ್ಸ್ ಸಂಖ್ಯೆ ಹೇಳೋದು ನಿಲ್ಲಿಸಿತು.

ಅನುಷಾ: ಹದಿಮೂರನೇದು ಪಿಎಸ್3, ಎಕ್ಸ್‌ಬಾಕ್ಸ್ 360 ಎರಡರಲ್ಲೂ ಇತ್ತಲ್ವಾ ಸರ್? ಅಮೆರಿಕದಲ್ಲಿ 360 ಇದ್ದ ಮನೆಗಳೇ ಜಾಸ್ತಿ, ಆದ್ರೂ ಪಿಎಸ್3 ಗೆದ್ದಿದ್ದು ಹೇಗೆ?

ವಿಶ್ಲೇಷಕ: ಒಳ್ಳೇ ಪ್ರಶ್ನೆ. 2010 ಮಾರ್ಚ್ 9ಕ್ಕೆ ಎರಡೂ ಒಟ್ಟಿಗೆ ಬಿಡುಗಡೆ. ಅಮೆರಿಕದ ಮಾರಾಟ ಎಣಿಸೋ ಎನ್‌ಪಿಡಿ ಸಂಸ್ಥೆಯ ಆ ತಿಂಗಳ ಅಂಗಡಿ ಲೆಕ್ಕ: ಪಿಎಸ್3 ಸುಮಾರು 8.28 ಲಕ್ಷ, 360 ಸುಮಾರು 4.94 ಲಕ್ಷ. ಕನ್ಸೋಲ್ ಎಷ್ಟು ಮನೆಯಲ್ಲಿದೆ ಅನ್ನೋದಕ್ಕಿಂತ ಯಾರ ಮನೆಯಲ್ಲಿದೆ ಅನ್ನೋದು ಇಲ್ಲಿ ಮುಖ್ಯ. 1997ರಲ್ಲಿ ಪ್ಲೇಸ್ಟೇಷನ್‌ಗೆ ಬಂದ ಏಳನೇದು ಮೂರು ಸಿಡಿ ತುಂಬಿತ್ತು. ನಿಂಟೆಂಡೊ 64ರ ಕಾರ್ಟ್ರಿಜ್ ಹಿಡಿಸಿದ್ದು ಹೆಚ್ಚೆಂದರೆ 64 ಎಂಬಿ. ಅಲ್ಲಿಂದ ಅಭಿಮಾನಿಗಳು ಪ್ಲೇಸ್ಟೇಷನ್ ಪಾಲಾದರು, 8, 9, 10, 12 ಎಲ್ಲ ಅಲ್ಲೇ ಬಂದವು. ಮೇಲಾಗಿ ಪಿಎಸ್3ಗೆ ಒಂದು ಬ್ಲೂ-ರೇ ಸಾಕಾಯ್ತು. 360ಗೆ ಮೂರು ಡಿವಿಡಿ ಬೇಕಾಯ್ತು, ವಿಡಿಯೋ ಹೆಚ್ಚು ಕುಗ್ಗಿಸಿದ್ದರು, ರೆಸಲ್ಯೂಶನ್ (ಚಿತ್ರದ ಸ್ಪಷ್ಟತೆ) 720 ಗೆರೆ ಬದಲು 576. ಎರಡೂ ಕನ್ಸೋಲ್ ಇದ್ದವರು ಯಾವುದನ್ನ ಕೊಳ್ತಾರೆ?

ನವೀನ್: ಗ್ರೂಪಲ್ಲಿ ಬಂದ ಚಾರ್ಟ್ ನೋಡಿ, 360ದು ಇನ್ನೂ ಕಮ್ಮಿ ಇದೆ.

ವಿಶ್ಲೇಷಕ: ಯಾವ ದೇಶ, ಯಾವ ಅವಧಿ, ರವಾನೆಯೋ ಮಾರಾಟವೋ ಏನೂ ಬರೆದಿಲ್ಲ. ಅಂದಾಜು ಅಂಕಿಗೆ ಬಣ್ಣ ಬಳಿದ ಫಾರ್ವರ್ಡ್ ಇದು. ಇಂಥದ್ದನ್ನ ದಯವಿಟ್ಟು ಇಲ್ಲಿ ಹಾಕ್ಬೇಡಿ.

ರಫೀಕ್: ಎಕ್ಸ್‌ಬಾಕ್ಸ್‌ನೋರು ಫೈನಲ್ ಫ್ಯಾಂಟಸಿ ಥರದ ಆರ್‌ಪಿಜಿ (ಪಾತ್ರ ವಹಿಸಿ ಆಡೋ ಆಟ) ಆಡಲ್ಲ, ಅಷ್ಟೇ ವಿಷ್ಯ.

ಚೇತನ್: ಮಾಸ್ ಎಫೆಕ್ಟ್ ಅನ್ನೋ ಆರ್‌ಪಿಜಿ 2007ರಲ್ಲಿ ಮೊದಲು ಬಂದಿದ್ದೇ 360ಗೆ ಗುರು.

ರಫೀಕ್: ಅದು ಗುಂಡು ಹಾರಿಸೋ ಆಟ.

ಚೇತನ್: ಆಡ್ದೇ ಇರೋರ ಹತ್ರ ಏನ್ ವಾದ!

ದೀಪಾ: ಡ್ರ್ಯಾಗನ್ ಕ್ವೆಸ್ಟ್ 11 ಅನ್ನೋ ಆರ್‌ಪಿಜಿ ಜಪಾನ್‌ನಲ್ಲಿ 3ಡಿಎಸ್ (ನಿಂಟೆಂಡೊದ ಕೈಲಿ ಹಿಡಿಯೋ ಕನ್ಸೋಲ್), ಪಿಎಸ್4 ಎರಡಕ್ಕೂ ಒಂದೇ ದಿನ ಬಂದು 3ಡಿಎಸ್ ಮುಂದಿತ್ತು. ಅದನ್ನ ಹೇಗೆ ಓದಬೇಕು ಸರ್?

ಪ್ರಜ್ವಲ್: ಹದಿನಾರನೇದು ಫ್ಲಾಪಾ ಸರ್?

ವಿಶ್ಲೇಷಕ: ಮೇಲೆ ಬರೆದಿದ್ದೀನಿ.

ನವೀನ್: ಜಪಾನ್‌ನ ಗೇಮ್ ಪತ್ರಿಕೆ ಫಾಮಿತ್ಸುವಿನ ಮಾರಾಟ ಪಟ್ಟಿಯಲ್ಲೂ ಕಮ್ಮೀನೇ ಇದೆ ಸರ್.

ವಿಶ್ಲೇಷಕ: ಆ ವಾರದ ಪಟ್ಟಿ ಡಿಸ್ಕ್ ಮಾತ್ರ ಎಣಿಸುತ್ತೆ, ಅದೂ ಜಪಾನ್‌ದು. ಡೌನ್‌ಲೋಡ್ ಬಿಟ್ಟು ಫ್ಲಾಪ್ ಅನ್ನೋದಾದ್ರೆ ನನ್ನನ್ನ ಯಾಕೆ ಕೇಳ್ತೀರಿ?

ರಫೀಕ್: ಪಿಸಿ, ಎಕ್ಸ್‌ಬಾಕ್ಸ್‌ಗೆ ಆಮೇಲೆ ತಂದ್ರಲ್ಲ, ಪಿಎಸ್5ರಲ್ಲಿ ಸಾಲಲಿಲ್ಲ ಅಂತ ತಾನೇ?

ವಿಶ್ಲೇಷಕ: ಪಿಸಿ 2024 ಸೆಪ್ಟೆಂಬರ್, ಎಕ್ಸ್‌ಬಾಕ್ಸ್ 2025 ಜೂನ್. ಎಲ್ಲ ಕನ್ಸೋಲ್‌ಗೂ ತರ್ತೀವಿ ಅಂತ ಈ ಸರಣಿ ತಯಾರಿಸೋ ಸ್ಕ್ವೇರ್ ಎನಿಕ್ಸ್ 2024 ಮೇನಲ್ಲೇ ಹೇಳಿತ್ತು. ಎರಡು ವರ್ಷ ತಡವಾಗಿ ಬಂದ ಕಡೆ ಅಂಕಿ ಸಣ್ಣದಿದ್ರೆ ಅದನ್ನ ಮೊದಲ ವಾರಕ್ಕೆ ಹೋಲಿಸ್ಬೇಡಿ.

ಚೇತನ್: ರಫೀಕ್, ಈಗ್ಲಾದ್ರೂ ಓದ್ಕೊಳ್ಳಪ್ಪ.

ರಫೀಕ್: ನೀನ್ ಮೊದ್ಲು ಓದು.