ಜಿಮ್ ಸೇರೋದು ಸುಲಭ, ಬಿಡದೆ ಹೋಗೋದು ಹೇಗೆ? ಫಿಸಿಯೋಥೆರಪಿಸ್ಟ್ ಮೇಡಂ ಜೊತೆ ಪ್ರಶ್ನೋತ್ತರ

ತುಮಕೂರಿನ ನಮ್ಮ ಗುಂಪಿನಲ್ಲಿ ಈ ವಾರ ಜಿಮ್, ವಾಕಿಂಗ್, ಕಾರ್ಡಿಯೋ (ಎದೆಬಡಿತ ಏರಿಸುವ ವ್ಯಾಯಾಮ) ಬಗ್ಗೆ ಏನು ಬೇಕಾದರೂ ಕೇಳಿ ಅಂದಿದ್ದೆವು. ಉತ್ತರ ಕೊಡುತ್ತಿರುವವರು ಗುಂಪಿನಲ್ಲೇ ಇರುವ ಫಿಸಿಯೋಥೆರಪಿಸ್ಟ್.

ಪ್ರಶ್ನೆ: ನಮಸ್ತೆ ಮೇಡಂ. ನನಗೆ 36 ವರ್ಷ. ಮನೆ ಎಸ್.ಎಸ್. ಪುರಂನಲ್ಲಿ, ಕೆಲಸ ಬೆಂಗಳೂರಲ್ಲಿ. ದಿನಾ ರೈಲಲ್ಲಿ ಓಡಾಟ. ಬೆಳಿಗ್ಗೆ ಹೊರಟರೆ ಮನೆ ಸೇರುವಾಗ ರಾತ್ರಿ ಎಂಟು. ಪ್ರತಿ ವರ್ಷ ಯುಗಾದಿ ಹೊತ್ತಿಗೆ ಜಿಮ್ ಸೇರುತ್ತೇನೆ. ಮೊದಲ ವಾರ ಆರು ದಿನವೂ ಹೋಗುತ್ತೇನೆ. ಆಮೇಲೆ ಯಾರದೋ ಮದುವೆ, ಮಗುವಿಗೆ ಜ್ವರ, ಆಫೀಸಲ್ಲಿ ತಿಂಗಳ ಕೊನೆ. ಒಂದು ವಾರ ತಪ್ಪಿದರೆ ಮತ್ತೆ ಹೋಗಲು ಮನಸ್ಸೇ ಬರಲ್ಲ. ನನಗೆ ಶಿಸ್ತು ಇಲ್ವಾ, ಇಲ್ಲ ನಾನು ಮಾಡುತ್ತಿರುವ ರೀತಿ ಸರಿ ಇಲ್ವಾ?

ಉತ್ತರ: ರೀತಿ ಸರಿ ಇಲ್ಲ ಸರ್. ಶಿಸ್ತು ಇಲ್ಲದವರಿಗೆ ದಿನಾ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಬರಲು ಆಗಲ್ಲ.

ವಾರಕ್ಕೆ ಆರು ದಿನ ಅನ್ನುವ ಪ್ಲಾನ್ ನಡೆಯುವುದು ನಿಮ್ಮ ಒಳ್ಳೆಯ ವಾರದಲ್ಲಿ ಮಾತ್ರ. ನಿದ್ದೆ ಚೆನ್ನಾಗಿ ಆಗಿರಬೇಕು, ರೈಲು ಸರಿಯಾದ ಹೊತ್ತಿಗೆ ಬರಬೇಕು, ಮನೆಯಲ್ಲಿ ಎಲ್ಲರೂ ಹುಷಾರಾಗಿರಬೇಕು. ಅಂಥ ವಾರ ವರ್ಷದಲ್ಲಿ ಎಷ್ಟು ಸಿಗುತ್ತೆ ಹೇಳಿ? ನನ್ನ ಹತ್ತಿರ ಬರುವವರನ್ನು ನಾನು ಮೊದಲು ಕೇಳುವುದು ಒಂದೇ: ನಿಮ್ಮ ತಿಂಗಳಲ್ಲಿ ಜಾಸ್ತಿ ಕಷ್ಟದ ವಾರ ಯಾವುದು, ಆ ವಾರದಲ್ಲೂ ಎಷ್ಟು ಮಾಡಬಲ್ಲಿರಿ? ಆ ಉತ್ತರವೇ ಪ್ಲಾನ್. ಅದಕ್ಕಿಂತ ಹೆಚ್ಚು ಆದ ವಾರ ಖುಷಿಪಡಿ, ಆದರೆ ಅದನ್ನೇ ಲೆಕ್ಕಕ್ಕೆ ಹಿಡಿಯಬೇಡಿ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇಷ್ಟು: ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂಥ ಮಧ್ಯಮ ವ್ಯಾಯಾಮ, ಇಲ್ಲವೇ 75ರಿಂದ 150 ನಿಮಿಷ ಓಟದಂಥ ಜೋರಿನ ವ್ಯಾಯಾಮ. ಜೊತೆಗೆ ಸ್ನಾಯುಗಳಿಗೆ ಕೆಲಸ ಕೊಡುವ ವ್ಯಾಯಾಮ ವಾರಕ್ಕೆ ಕನಿಷ್ಠ 2 ದಿನ. ಒಂದೇ ಸಲಕ್ಕೆ ಕನಿಷ್ಠ 10 ನಿಮಿಷ ಮಾಡಲೇಬೇಕು ಅನ್ನುವ ಹಳೆಯ ಷರತ್ತು ಈಗ ಇಲ್ಲ. ನಿಮ್ಮಂಥವರಿಗೆ ಇದು ತುಂಬಾ ಅನುಕೂಲ. ಬೆಂಗಳೂರಲ್ಲಿ ಸ್ಟೇಷನ್ನಿಂದ ಆಫೀಸ್ ಕಡೆಗೆ ಒಂದಷ್ಟು ದೂರ, ವಾಪಸ್ ಬರುವಾಗ ಒಂದಷ್ಟು ದೂರ ಬಿರುಸಾಗಿ ನಡೆದರೂ ಲೆಕ್ಕಕ್ಕೆ ಬರುತ್ತೆ. ದಿನಕ್ಕೆ 30 ನಿಮಿಷದಂತೆ ಐದು ದಿನ ಆದರೆ ಕಾರ್ಡಿಯೋ ಮುಗಿಯಿತು. ಜಿಮ್‌ಗೆ ಭಾನುವಾರ ಒಂದು ದಿನ, ವಾರದ ಮಧ್ಯೆ ಒಂದು ದಿನ, 40 ನಿಮಿಷ ಸಾಕು.

ಆ ಎರಡು ದಿನ "ಇವತ್ತು ಎದೆ, ನಾಳೆ ಕೈ" ಅಂತ ಹಂಚಬೇಡಿ. ಹಾಗೆ ಹಂಚಿದರೆ ಒಂದು ದಿನ ತಪ್ಪಿದಾಗ ಮೈಯ ಒಂದು ಭಾಗಕ್ಕೆ ಇಡೀ ವಾರ ಕೆಲಸವೇ ಇರಲ್ಲ. ಎರಡೂ ದಿನ ಇಡೀ ಮೈಗೆ ಮಾಡಿ: ಸ್ಕ್ವಾಟ್ (ಕುಕ್ಕರಿಸಿ ಕೂತು ಏಳುವುದು), ಮುಂದಕ್ಕೆ ಅಥವಾ ಮೇಲಕ್ಕೆ ತಳ್ಳುವಂಥದ್ದು ಒಂದು, ಎಳೆಯುವಂಥದ್ದು ಒಂದು, ನೆಲದಿಂದ ಎತ್ತುವಂಥದ್ದು ಒಂದು. ಫೀಸು ತಿಂಗಳು ತಿಂಗಳು ಕಟ್ಟಿ. ಜಿಮ್ ಸ್ಟೇಷನ್ನಿಂದ ಮನೆಗೆ ಬರುವ ದಾರಿಯಲ್ಲೇ ಇರಲಿ. ಮನೆಗೆ ಬಂದು, ಕೂತು, ಕಾಫಿ ಕುಡಿದು ಮತ್ತೆ ಹೊರಡುವುದು ಯಾರಿಗೂ ಕಷ್ಟ.

ಇನ್ನು ತಪ್ಪಿದ ವಾರದ ವಿಷಯ. 21 ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತೆ ಅಂತ ಎಲ್ಲರೂ ಹೇಳುತ್ತಾರೆ, ನಂಬಬೇಡಿ. 2010ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಅಧ್ಯಯನದಲ್ಲಿ ಹೊಸ ಅಭ್ಯಾಸ ಕೂರಲು ಸರಾಸರಿ 66 ದಿನ ಹಿಡಿದಿತ್ತು. ಕೆಲವರಿಗೆ 18 ದಿನ, ಇನ್ನು ಕೆಲವರಿಗೆ 254 ದಿನದವರೆಗೂ. ಮಧ್ಯೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೆಡಲಿಲ್ಲ ಅಂತಲೂ ಅದರಲ್ಲೇ ಕಂಡುಬಂತು. ನೀವು ಬಿಟ್ಟಿದ್ದು ಒಂದು ವಾರ ತಪ್ಪಿತು ಅಂತ ಅಲ್ಲ. "ಎಲ್ಲಾ ಹಾಳಾಯ್ತು" ಅಂತ ತೀರ್ಮಾನ ಮಾಡಿದ್ದರಿಂದ.

ಅದೇ ಸದಸ್ಯರು: ಮೇಡಂ, ಇನ್ನೊಂದು ಕಾರಣ ಇದೆ. ಗ್ಯಾಪ್ ಆದಮೇಲೆ ಹೋದರೆ ಮಾರನೇ ದಿನ ಕಾಲು ಹಿಡಿದುಕೊಂಡು ಮೆಟ್ಟಿಲು ಇಳಿಯಲು ಆಗಲ್ಲ. ಅದಕ್ಕೇ ಹೆದರಿ ಮುಂದಕ್ಕೆ ಹಾಕುತ್ತೇನೆ.

ಉತ್ತರ: ಇದು ಎಲ್ಲರಿಗೂ ಆಗುತ್ತೆ, ತಪ್ಪಿಸಲೂಬಹುದು. ಎರಡು ಮೂರು ವಾರ ಬಿಟ್ಟರೆ ಮೊದಲು ಇಳಿಯುವುದು ದಮ್ಮು. ಸ್ನಾಯುವಿನ ಬಲ ಅಷ್ಟು ಬೇಗ ಹೋಗಲ್ಲ. ಹಾಗಾಗಿ ಬಂದ ದಿನ ಹಳೇ ತೂಕ ಎತ್ತಲು ಆಗುತ್ತೆ, ಅದೇ ಮೋಸ. ಸ್ನಾಯುವಿಗೆ ಆ ಕೆಲಸದ ರೂಢಿ ತಪ್ಪಿರುತ್ತೆ. ಈ ನೋವು 24ರಿಂದ 72 ಗಂಟೆಯೊಳಗೆ ಜೋರಾಗುತ್ತೆ, ಆಮೇಲೆ ತಾನಾಗಿ ಇಳಿಯುತ್ತೆ.

ಬಂದ ಮೊದಲ ದಿನ ಹೀಗೆ ಮಾಡಿ. ಮುಂಚೆ 40 ಕೆಜಿ ಇಟ್ಟು ಸ್ಕ್ವಾಟ್ ಮಾಡುತ್ತಿದ್ದಿರಿ ಅಂದುಕೊಳ್ಳಿ. ಈಗ 25 ಕೆಜಿ ಹಾಕಿ. ನಿಧಾನವಾಗಿ ಕೂರಿ, ಏಳುವಾಗ ಉಸಿರು ಬಿಡಿ. ಇನ್ನೂ ನಾಲ್ಕು ಸಲ ಆಗುತ್ತೆ ಅನ್ನಿಸುವಾಗಲೇ ಬಾರ್ ಸ್ಟ್ಯಾಂಡಿಗೆ ಇಡಿ. ಹಾಗೆ ಎರಡು ಸೆಟ್ ಮಾಡಿ, ಮೂರನೆಯದು ಬೇಡ. ಪಕ್ಕದವರು "ಇಷ್ಟೇನಾ" ಅಂತ ನೋಡಬಹುದು, ನೋಡಲಿ ಬಿಡಿ. ಎರಡನೇ ವಾರ ಸ್ವಲ್ಪ ಏರಿಸಿ, ಮೂರನೇ ವಾರದ ಹೊತ್ತಿಗೆ ಹಳೇ ತೂಕದ ಹತ್ತಿರ ಬರುತ್ತೀರಿ.

ಪ್ರಶ್ನೆ: ಮೇಡಂ, ನನಗೆ 40. ಟ್ರೆಡ್‌ಮಿಲ್ ಮೇಲೆ ಓಡುವಾಗ ವಾಚಲ್ಲಿ ಎದೆಬಡಿತ 160 ತೋರಿಸುತ್ತೆ. ಅದು ಅಪಾಯವಾ?

ಉತ್ತರ: 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಎದೆಬಡಿತದ ಒಂದು ಅಂದಾಜು ಸಿಗುತ್ತೆ. ನಿಮಗೆ 180. ಇದು ಬರೀ ಅಂದಾಜು, ಒಬ್ಬರಿಂದ ಒಬ್ಬರಿಗೆ 10-12 ಬಡಿತ ಆಚೀಚೆ ಇರುತ್ತೆ. ಆ ಲೆಕ್ಕದಲ್ಲಿ 160 ಅಂದರೆ ಜೋರಿನ ವ್ಯಾಯಾಮ. ಆರೋಗ್ಯ ಚೆನ್ನಾಗಿದ್ದು ರೂಢಿ ಇರುವವರಿಗೆ ಅದು ಅಪಾಯವಲ್ಲ. ಆದರೆ ಹೊಸಬರು ದಿನಾ ಅಷ್ಟು ಮಾಡಿದರೆ ಸುಸ್ತಾಗಿ ಬಿಟ್ಟುಬಿಡುತ್ತಾರೆ. ನಿಮಗೆ ಮಧ್ಯಮ ವ್ಯಾಯಾಮ ಅಂದರೆ ಸುಮಾರು 115ರಿಂದ 135.

ವಾಚ್ ಇಲ್ಲದೆಯೂ ಗೊತ್ತಾಗುತ್ತೆ. ಅಮಾನಿಕೆರೆ ದಾರಿಯಲ್ಲಿ ಜೊತೆಯವರ ಸಂಗಡ ನಡೆಯಿರಿ. ಮಾತಾಡಲು ಆಗುತ್ತೆ, ಹಾಡು ಹೇಳಲು ಆಗಲ್ಲ ಅಂದರೆ ಮಧ್ಯಮ ವೇಗ. ನಾಲ್ಕು ಪದಕ್ಕೇ ಉಸಿರು ಎಳೆದುಕೊಳ್ಳಬೇಕಾದರೆ ಜೋರು. ಊರಿನ ಸುದ್ದಿಯೆಲ್ಲ ಆರಾಮಾಗಿ ಮಾತಾಡಿಕೊಂಡು ಹೋಗುತ್ತಿದ್ದರೆ ವೇಗ ಸಾಲದು. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಎದೆಬಡಿತ ಅಷ್ಟು ಏರಲ್ಲ, ಅವರು ಈ ಮಾತಿನ ಪರೀಕ್ಷೆಯನ್ನೇ ನಂಬಬೇಕು.

ಟ್ರೆಡ್‌ಮಿಲ್ ಹಿಡಿಯನ್ನು ಗಟ್ಟಿಯಾಗಿ ಹಿಡಿದು ನೇತಾಡಬೇಡಿ. ಕಾಲಿನ ಕೆಲಸ ಒಂದಷ್ಟು ಕೈಗೆ ಹೋಗುತ್ತೆ, ಪರದೆ ಮೇಲಿನ ಕ್ಯಾಲೊರಿ ಲೆಕ್ಕವೂ ಸುಳ್ಳಾಗುತ್ತೆ. ವೇಗ ಕಡಿಮೆ ಮಾಡಿ, ಬೇಕಾದರೆ ಏರು ಸ್ವಲ್ಪ ಹೆಚ್ಚಿಸಿ, ಕೈ ಬೀಸಿ ನಡೆಯಿರಿ.

ಪ್ರಶ್ನೆ: ಅಕ್ಕ, ನಾನು ವಸಂತನರಸಾಪುರದಲ್ಲಿ ಫ್ಯಾಕ್ಟರಿ ಕೆಲಸ. ವಾರಕ್ಕೊಂದು ಶಿಫ್ಟ್ ಬದಲಾಗುತ್ತೆ. ನೈಟ್ ಶಿಫ್ಟ್ ಮುಗಿಸಿ ಸೀದಾ ಜಿಮ್‌ಗೆ ಹೋಗಬಹುದಾ?

ಉತ್ತರ: ಬೇಡ ತಮ್ಮ. ರಾತ್ರಿಯೆಲ್ಲ ನಿದ್ದೆಗೆಟ್ಟ ಮೇಲೆ ಗಮನ ಇರಲ್ಲ, ಭಾರ ಎತ್ತುವಾಗ ಪೆಟ್ಟಾಗೋದು ಆಗಲೇ. ಮೊದಲು ಮಲಗು. ಎದ್ದು, ಊಟ ಮಾಡಿ, ಶಿಫ್ಟಿಗೆ ಹೊರಡುವ ಮುಂಚೆ ಮಾಡು. ಗಡಿಯಾರದ ಹೊತ್ತು ಮರೆತುಬಿಡು. "ನಿದ್ದೆಯಿಂದ ಎದ್ದು ಎರಡು ಗಂಟೆ ಆದಮೇಲೆ" ಅಂತ ಇಟ್ಟುಕೋ, ಯಾವ ಶಿಫ್ಟ್ ಬಂದರೂ ಅದು ಬದಲಾಗಲ್ಲ. ನೈಟ್ ಶಿಫ್ಟ್ ವಾರದಲ್ಲಿ ಒಂದೇ ದಿನ ಹೋದರೂ ಚಿಂತೆ ಬೇಡ. ಎತ್ತುವ ತೂಕ ಇಳಿಸದೆ ವಾರಕ್ಕೆ ಒಂದು ದಿನ ಮಾಡಿದರೂ ಬಲ ಹಲವು ವಾರ ಉಳಿಯುತ್ತೆ.

ಪ್ರಶ್ನೆ: ನಮ್ಮ ಅಮ್ಮನಿಗೆ 56. ಶುಗರ್ ಇದೆ, ಮಂಡಿ ನೋವೂ ಇದೆ. ಸಿದ್ಧಗಂಗೆ ಬೆಟ್ಟ ಹತ್ತಿದರೆ ಒಳ್ಳೆ ವ್ಯಾಯಾಮ ಅಂತ ಯಾರೋ ಹೇಳಿದ್ದಾರೆ. ಜಿಮ್ ಅಂದರೆ ಅಮ್ಮನಿಗೆ ಸಂಕೋಚ.

ಉತ್ತರ: ಬೆಟ್ಟ ಸದ್ಯಕ್ಕೆ ಬೇಡ. ಹತ್ತಿಬಿಡಬಹುದು, ಇಳಿಯುವಾಗ ಮಂಡಿಯ ಮೇಲೆ ಜಾಸ್ತಿ ಭಾರ ಬೀಳುತ್ತೆ. ಮೊದಲು ತೊಡೆಗೆ ಬಲ ಬರಲಿ.

ಮನೆಯಲ್ಲೇ ಶುರು ಮಾಡಿಸಿ. ಕೈ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಕುರ್ಚಿ ತಗ್ಗಾಗಿದ್ದರೆ ಮೇಲೆ ಒಂದು ದಪ್ಪ ದಿಂಬು ಹಾಕಿ. ಅಮ್ಮ ಮುಂದಕ್ಕೆ ಸರಿದು ಕೂರಲಿ, ಪಾದ ಮಂಡಿಗಿಂತ ಸ್ವಲ್ಪ ಹಿಂದೆ ಇರಲಿ. ಮುಂದಕ್ಕೆ ಬಾಗಿ, ಕೈ ಊರದೆ ಎದ್ದು ನಿಲ್ಲಲಿ. ಕೂರುವಾಗ ಧೊಪ್ಪನೆ ಬೀಳದೆ, ಮೂರು ಎಣಿಸುತ್ತಾ ಕೂರಲಿ. ಎಂಟು ಸಲ ಆದರೆ ಸಾಕು, ಸುಧಾರಿಸಿಕೊಂಡು ಇನ್ನೊಂದು ಸುತ್ತು. ಹೆಂಗಸರು ಇಡೀ ದಿನ ಕೆಲಸ ಮಾಡುತ್ತಾರಲ್ಲ, ಅದೇ ವ್ಯಾಯಾಮ ಅಂತ ಮನೆಯವರು ಅಂದುಕೊಂಡುಬಿಡುತ್ತಾರೆ. ಮನೆಗೆಲಸದಲ್ಲಿ ತೊಡೆಗೆ ದಿನದಿಂದ ದಿನಕ್ಕೆ ಭಾರ ಏರುವುದಿಲ್ಲ, ಬಲ ಬರೋದು ಭಾರ ಏರಿದಾಗ. ಅವರಿಗೂ ಅಂತ ಇಪ್ಪತ್ತು ನಿಮಿಷ ಬಿಡುವು ಮಾಡಿಕೊಡಿ, ಆ ಹೊತ್ತಲ್ಲಿ ಒಲೆ ನೀವು ನೋಡಿಕೊಳ್ಳಿ.

ಶುಗರ್‌ಗೆ ಊಟ ಆದಮೇಲೆ 10-15 ನಿಮಿಷದ ನಡಿಗೆ ತುಂಬಾ ಒಳ್ಳೆಯದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ಇದ್ದರೆ ಖಾಲಿ ಹೊಟ್ಟೆಯಲ್ಲಿ ವ್ಯಾಯಾಮ ಬೇಡ, ಶುಗರ್ ಇಳಿದು ತಲೆ ತಿರುಗಬಹುದು. ಕೈಯಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಪೊಟ್ಟಣ ಇರಲಿ. ಬರಿಗಾಲಲ್ಲಿ ನಡೆಸಬೇಡಿ, ರಾತ್ರಿ ಪಾದದಲ್ಲಿ ಗಾಯ ಇದೆಯಾ ಅಂತ ನೋಡಿ.

ಪ್ರಶ್ನೆ: ಮುದ್ದೆ ಬಿಟ್ಟು ಪ್ರೋಟೀನ್ ಪೌಡರ್ ಕುಡಿ ಅಂತಾರೆ ಜಿಮ್‌ನಲ್ಲಿ. ಹೌದಾ ಮೇಡಂ?

ಉತ್ತರ: ಮುದ್ದೆ ಯಾಕೆ ಬಿಡಬೇಕು? ಓಡಾಡಲು ಶಕ್ತಿ ಅದರಿಂದಲೇ, ಕ್ಯಾಲ್ಸಿಯಂ ಕೂಡ ಚೆನ್ನಾಗಿದೆ. ಆದರೆ 100 ಗ್ರಾಂ ರಾಗಿಯಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ ಮಾತ್ರ. ಕೊರತೆ ತುಂಬಬೇಕಾದ್ದು ಸಾರು. ನಾವು ಹುರುಳಿಕಾಳು ಬಸ್ಸಾರು ಮಾಡಿ ತಿಳಿ ಜಾಸ್ತಿ ಹಾಕಿಕೊಳ್ಳುತ್ತೇವೆ, ಕಾಳು ಪಾತ್ರೆಯಲ್ಲೇ ಉಳಿಯುತ್ತೆ. 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಆ ಕಾಳು ತಟ್ಟೆಗೆ ಬರಲಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಕಡಲೆಕಾಯಿ ಬೀಜ 100 ಗ್ರಾಂಗೆ 25ರ ಹತ್ತಿರ, ಎಣ್ಣೆ ಅಂಶವೂ ಜಾಸ್ತಿ, ಒಂದು ಹಿಡಿ ಸಾಕು. ಭಾರ ಎತ್ತುವವರಿಗೆ ಮೈತೂಕದ ಪ್ರತಿ ಕೆಜಿಗೆ ದಿನಕ್ಕೆ 1.2ರಿಂದ 1.6 ಗ್ರಾಂ ಪ್ರೋಟೀನ್ ಒಳ್ಳೆಯ ಗುರಿ. ಊಟದಲ್ಲಿ ಅಷ್ಟು ಬಂದರೆ ಪೌಡರ್ ಬೇಕಿಲ್ಲ, ಬರದಿದ್ದರೆ ತಗೊಂಡರೂ ತಪ್ಪಿಲ್ಲ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಪ್ರಶ್ನೆ: ಬೆಳಿಗ್ಗೆ ಒಳ್ಳೆಯದಾ, ಸಂಜೆನಾ?

ಉತ್ತರ: ನಿಮಗೆ ತಪ್ಪದೆ ಆಗುವ ಹೊತ್ತು.

ಪ್ರಶ್ನೆ: ಕೊನೆಯದು ಮೇಡಂ. ತಪ್ಪಿಸಬಾರದು ಅಂತೀರಿ, ಹಾಗಾದರೆ ಹೋಗಲೇಬಾರದ ದಿನ ಯಾವುದು?

ಉತ್ತರ: ಜ್ವರ ಅಥವಾ ಜ್ವರ ಬರುವಂಥ ಮೈಕೈ ನೋವು ಇರುವ ದಿನ ಹೋಗಬೇಡಿ. ಬರೀ ನೆಗಡಿ ಆದರೆ ಸ್ವಲ್ಪ ನಡೆಯಬಹುದು. ಡೆಂಗಿಯಂಥ ಜ್ವರ ಬಂದು ಹೋಗಿದ್ದರೆ ಡಾಕ್ಟರ್ ಹೇಳಿದ ಮೇಲೆ ನಡಿಗೆಯಿಂದ ಶುರು ಮಾಡಿ. ಕೀಲು ಊದಿಕೊಂಡಿದ್ದರೆ, ಒಂದೇ ಜಾಗದಲ್ಲಿ ಚುಚ್ಚುವ ನೋವು ಇದ್ದರೆ, ಅದನ್ನು ವ್ಯಾಯಾಮದ ಸಾಮಾನ್ಯ ಮೈನೋವು ಅಂದುಕೊಂಡು ಮುಂದುವರಿಸಬೇಡಿ, ತೋರಿಸಿ.

ವ್ಯಾಯಾಮದ ಮಧ್ಯೆ ಎದೆ ಬಿಗಿದಂತಾದರೆ, ನೋವು ಎಡಗೈಗೋ ದವಡೆಗೋ ಹರಡಿದರೆ, ತಣ್ಣನೆ ಬೆವರು ಬಂದರೆ, ಕಣ್ಣು ಕತ್ತಲೆ ಬಂದರೆ ತಕ್ಷಣ ನಿಲ್ಲಿಸಿ. ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದು ಕಾಯಬೇಡಿ. ಒಬ್ಬರೇ ಗಾಡಿ ಓಡಿಸಿಕೊಂಡು ಹೋಗಬೇಡಿ. ಪಕ್ಕದಲ್ಲಿರುವವರಿಗೆ ಹೇಳಿ, 108ಕ್ಕೆ ಫೋನ್ ಮಾಡಿಸಿ. 40 ದಾಟಿದವರು, ಬಿಪಿ, ಶುಗರ್ ಇರುವವರು, ಸಿಗರೇಟ್ ಸೇದುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಬಂದ ಚರಿತ್ರೆ ಇರುವವರು ಜೋರಿನ ವ್ಯಾಯಾಮಕ್ಕೆ ಇಳಿಯುವ ಮುಂಚೆ ಒಮ್ಮೆ ಡಾಕ್ಟರನ್ನು ನೋಡಿ. ಬಿರುಸಿನ ನಡಿಗೆಯನ್ನು ಇವತ್ತೇ ಶುರು ಮಾಡಬಹುದು, ನಡೆಯುವಾಗ ಎದೆಯಲ್ಲಿ ಏನೂ ತೊಂದರೆ ಕಾಣದಿದ್ದರೆ.